ಬೇಸಿಗೆಯಲ್ಲಿ ಹೊರಗೆ ಕೂತು ಉಣ್ಣಲು ಬೆಂಗಳೂರಿನ ಹೋಟೆಲು ಆರಿಸುವುದು ಹೇಗೆ: ಹೊತ್ತು ಮೊದಲು, ಮೆನು ಕಡೆಗೆ

ಮಾರ್ಚ್ ಬಂತೆಂದರೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಫೋಟೊ ನೋಡಿ ಟೇಬಲ್ ಬುಕ್ ಮಾಡಿದ್ದೆವು, ಮರವೂ ಇತ್ತು, ಕೊಡೆಯೂ ಇತ್ತು, ಆದರೂ ಅರ್ಧ ಊಟಕ್ಕೇ ತಟ್ಟೆ ಹಿಡಿದು ಒಳಗೆ ಹೋಗಬೇಕಾಯಿತು. ಇಲ್ಲವೆ, ಸಂಜೆ ಏಳಕ್ಕೆ ಟೆರೇಸಿಗೆ ಹೋದರೆ ಕಾಲಡಿ ಕಾವು, ಎಂಟಕ್ಕೆ ಗುಡುಗು-ಮಳೆ. ಹಣವೂ ಹೋಯಿತು, ಮನೆಯ ಹಿರಿಯರು ಇನ್ನೊಮ್ಮೆ ಹೊರಗೆ ಬರುವುದಿಲ್ಲ ಎಂದುಬಿಟ್ಟರು.

ಈ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಆರಿಸುವ ಕ್ರಮ ತಲೆಕೆಳಗಾಗಿದೆ. ನಾವು ಮೊದಲು ತಿನಿಸು ನೋಡುತ್ತೇವೆ, ಆಮೇಲೆ ಜಾಗ, ಕೊನೆಗೆ ಎಲ್ಲರಿಗೂ ಯಾವಾಗ ಬಿಡುವು ಎಂದು ಕೇಳಿ ಹೊತ್ತು ಗೊತ್ತುಮಾಡುತ್ತೇವೆ. ಒಳಗೆ ಕೂರುವುದಾದರೆ ಅದು ಸರಿ. ಹೊರಗೆ ಕೂರುವುದಾದರೆ ಹೊತ್ತು ಮೊದಲು, ಆ ಹೊತ್ತಿಗೆ ನೆರಳಿರುವ ದಿಕ್ಕು ಆಮೇಲೆ, ತಲೆಯ ಮೇಲಿನ ಹೊದಿಕೆ ಅದರ ನಂತರ, ಮೆನು ಎಲ್ಲಕ್ಕಿಂತ ಕಡೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗಳು ಬೆಂಗಳೂರಿನವು. ಬೇರೆ ಊರಿನವರು ಏನು ಬದಲಿಸಿಕೊಳ್ಳಬೇಕು ಎಂಬುದನ್ನೂ ನಡುವೆ ಹೇಳಿದ್ದೇನೆ.

## ಬೇಕಾಗುವ ಸಲಕರಣೆ

ಫೋನ್ ಒಂದಿದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಅದರಲ್ಲಿ ಉಪಗ್ರಹ ಚಿತ್ರ ತೋರಿಸುವ ಮ್ಯಾಪ್, ದಿಕ್ಸೂಚಿ, ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್, ಸಿಡಿಲಿನ ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಇರಲಿ. ಚೀಲದಲ್ಲಿ ಒಂದು ಬಾಟಲಿ ನೀರು, ಒಂದು ಹತ್ತಿಯ ಟವೆಲ್, ಸೊಳ್ಳೆ ಮುಲಾಮು, ಹಿರಿಯರಿದ್ದರೆ ಒಂದು ಓಆರ್‌ಎಸ್ ಪೊಟ್ಟಣ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಕೊಡೆಯನ್ನೂ ಮರೆಯಬೇಡಿ.

## ಹಂತ 1: ಹೊತ್ತು ಗೊತ್ತುಮಾಡಿ

ಬೆಂಗಳೂರಿನ ಏಪ್ರಿಲ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 34 ಡಿಗ್ರಿ ಆಸುಪಾಸು. 2016ರ ಏಪ್ರಿಲ್ 24ರಂದು ಅದು 39.2 ಮುಟ್ಟಿತ್ತು. ಹವಾಮಾನ ಇಲಾಖೆ ಈ ಅಂಕಿಯನ್ನು ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಹಾಗಾಗಿ ಫೋನಿನಲ್ಲಿ 34 ಎಂದಿದ್ದರೆ ಅದು ನೆರಳಿನ 34. ಬಿಸಿಲು ಬಿದ್ದ ಕಲ್ಲುಹಾಸಿನ ಪಕ್ಕದ ಕುರ್ಚಿಯಲ್ಲಿ ನಿಮ್ಮ ಮೈಗೆ ತಟ್ಟುವುದು ಅದಕ್ಕಿಂತ ಎಷ್ಟೋ ಹೆಚ್ಚು.

ದಿನದ ಕಾವು ತುದಿ ಮುಟ್ಟುವುದು ನಡುಮಧ್ಯಾಹ್ನದಲ್ಲಲ್ಲ, ಎರಡೂವರೆಯಿಂದ ಮೂರೂವರೆಯೊಳಗೆ. ಸೂರ್ಯ ಮುಳುಗುವುದು ಆರೂವರೆ ಸುಮಾರಿಗೆ. ಇದನ್ನಿಟ್ಟುಕೊಂಡು ದಿನವನ್ನು ಹೀಗೆ ಒಡೆದುಕೊಳ್ಳಿ.

ಬೆಳಗ್ಗೆ ಏಳರಿಂದ ಒಂಬತ್ತೂವರೆ: ಬೇಸಿಗೆಯಲ್ಲಿ ಬೆಂಗಳೂರು ಹೊರಗೆ ಕೂರಲು ಕೊಡುವ ಅತ್ಯುತ್ತಮ ಹೊತ್ತು ಇದು. ಬೆಳಗಿನ ಜಾವ 22 ಡಿಗ್ರಿ ಆಸುಪಾಸಿಗೆ ಇಳಿದಿದ್ದ ಗಾಳಿ ಇನ್ನೂ ತಂಪಾಗಿರುತ್ತದೆ, ಮಳೆಯ ಭಯ ಕಡಿಮೆ, ಅಡುಗೆಮನೆಯಲ್ಲಿ ಎಲ್ಲವೂ ಆಗಷ್ಟೇ ಮಾಡಿದ್ದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ಇಡ್ಲಿ-ವಡೆಯ ತಟ್ಟೆ ಹಿಡಿದು ಬಯಲಲ್ಲೇ ನಿಂತು ತಿನ್ನುವ ಜನರನ್ನು ನೋಡಿ. ಅದೇ ಜಾಗದಲ್ಲಿ ಮಧ್ಯಾಹ್ನ ಎರಡಕ್ಕೆ ನಿಲ್ಲುವುದು ಯಾರಿಗೂ ಹಿತವಲ್ಲ. ಮನೆಯವರೆಲ್ಲ ಸೇರುವ ಸಂದರ್ಭವಿದ್ದರೆ ಅದನ್ನು ಊಟದಿಂದ ತಿಂಡಿಗೆ ಬದಲಿಸಿ ಎಂದೇ ನಾನು ಮೊದಲು ಹೇಳುವುದು.

ಹನ್ನೊಂದರಿಂದ ನಾಲ್ಕೂವರೆ: ಹೊರಗೆ ಬೇಡ. ದಟ್ಟ ಮರದಡಿಯಾದರೂ ಹಿರಿಯರು, ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ಬೇಡವೇ ಬೇಡ.

ಐದರಿಂದ ಆರೂವರೆ: ಕಾಫಿ-ಬಜ್ಜಿಗೆ ಸರಿ, ಆದರೆ ದಿಕ್ಕು ಸರಿಯಿದ್ದರೆ ಮಾತ್ರ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಏಳರಿಂದ ಒಂಬತ್ತೂವರೆ: ನೆಲದ ಮಟ್ಟದ ಅಂಗಳವಾದರೆ ಏಳಕ್ಕೇ ಹೋಗಬಹುದು. ಟೆರೇಸಾದರೆ ಎಂಟೂವರೆಗೆ ಮೊದಲು ಹೋಗಬೇಡಿ. ದಿನವಿಡೀ ಬಿಸಿಲುಂಡ ಸಿಮೆಂಟಿನ ತಾರಸಿ, ಒಲೆ ಆರಿದ ಮೇಲೂ ಕಾವು ಬಿಡುವ ಕಾವಲಿಯಂತೆ, ಕತ್ತಲಾದ ಮೇಲೂ ಬಹಳ ಹೊತ್ತು ಬಿಸಿ ಉಗುಳುತ್ತದೆ. ಮೇಲಿನ ಗಾಳಿ ತಂಪಾಗಿದ್ದರೂ ಕಾಲಿನಿಂದ ಮೊಣಕಾಲಿನವರೆಗೆ ಕಾವು ಬಡಿಯುತ್ತದೆ.

ಬೇರೆ ಊರಿನವರು ಈ ಹಂತದಲ್ಲೇ ಲೆಕ್ಕ ಬದಲಿಸಿಕೊಳ್ಳಬೇಕು. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ಹಗಲು 40 ದಾಟುವುದು ಮಾಮೂಲು. ಅಲ್ಲಿ ತಿಂಡಿಯ ಹೊತ್ತನ್ನು ಎಂಟೂವರೆಗೇ ಮುಗಿಸಿ, ರಾತ್ರಿ ಒಂಬತ್ತರ ನಂತರ ಹೊರಗೆ ಕೂರಿ. ಮಂಗಳೂರಿನ ಅಂಕಿ ಬೆಂಗಳೂರಿನಂತೆಯೇ ಕಂಡರೂ ಬೆವರು ಆರುವುದಿಲ್ಲ. ಅಲ್ಲಿ ಮಧ್ಯಾಹ್ನ ಶುರುವಾಗುವ ಕಡಲಗಾಳಿ ಸಂಜೆಯವರೆಗೆ ಬೀಸುತ್ತದೆ, ರಾತ್ರಿಗೆ ನಿಂತುಹೋಗುತ್ತದೆ. ಆದ್ದರಿಂದ ಮಂಗಳೂರಿನಲ್ಲಿ ತಡರಾತ್ರಿಗಿಂತ ಕಡಲಿಗೆ ತೆರೆದ ಜಾಗದ ಸಂಜೆಯೇ ಮೇಲು.

## ಹಂತ 2: ಆ ಹೊತ್ತಿಗೆ ನೆರಳೆಲ್ಲಿ ಎಂದು ಮ್ಯಾಪಿನಲ್ಲಿ ನೋಡಿ

ಈ ಹಂತಕ್ಕೆ ಹತ್ತು ನಿಮಿಷ ಕೊಡಿ. ಉಳಿದ ಹಂತಗಳಲ್ಲಿ ಅರೆಬರೆ ಮಾಡಿದರೂ ಇದೊಂದು ಸರಿಯಾದರೆ ಊಟ ಕೆಡುವುದಿಲ್ಲ.

ಮ್ಯಾಪಿನಲ್ಲಿ ಹೋಟೆಲನ್ನು ಹುಡುಕಿ ಉಪಗ್ರಹ ಚಿತ್ರಕ್ಕೆ ಬದಲಿಸಿ. ಮ್ಯಾಪಿನ ಮೇಲ್ತುದಿ ಉತ್ತರವೇ ಎಂದು ಖಾತ್ರಿ ಮಾಡಿಕೊಳ್ಳಿ. ಬೆರಳು ತಾಗಿ ತಿರುಗಿಹೋಗಿದ್ದರೆ ಮೂಲೆಯ ದಿಕ್ಸೂಚಿಯ ಗುರುತು ಒತ್ತಿದರೆ ನೇರವಾಗುತ್ತದೆ. ಈಗ ಹೊರಗಿನ ಟೇಬಲುಗಳು ಕಟ್ಟಡದ ಯಾವ ಮಗ್ಗುಲಲ್ಲಿವೆ ಎಂದು ಗುರುತಿಸಿ. ಉಪಗ್ರಹದಲ್ಲಿ ತಿಳಿಯದಿದ್ದರೆ ರಸ್ತೆಯ ಮಟ್ಟದ ಚಿತ್ರದಲ್ಲಿ ನೋಡಿ. ಅಲ್ಲೂ ಕಾಣದಿದ್ದರೆ ಗಿರಾಕಿಗಳು ಹಾಕಿದ ಫೋಟೊಗಳಲ್ಲಿ ಹಿಂದೆ ಕಾಣುವ ರಸ್ತೆಯನ್ನು ಗುರುತು ಹಿಡಿಯಿರಿ.

ನಿಯಮ ಸರಳ. ಸಂಜೆಗೆ ಹೋಗುವುದಾದರೆ ಟೇಬಲುಗಳು ಕಟ್ಟಡದ ಪೂರ್ವ ಮಗ್ಗುಲಲ್ಲಿರಬೇಕು. ಮೂರೂವರೆ-ನಾಲ್ಕರಿಂದಲೇ ಕಟ್ಟಡದ ನೆರಳು ಅಲ್ಲಿ ಬೀಳತೊಡಗುತ್ತದೆ, ನೆಲವೂ ಆರತೊಡಗುತ್ತದೆ. ಬೆಳಗಿನ ತಿಂಡಿಗಾದರೆ ಪಶ್ಚಿಮ ಮಗ್ಗುಲು. ಇಂದಿರಾನಗರದ 100 ಅಡಿ ರಸ್ತೆಯನ್ನೇ ತೆಗೆದುಕೊಳ್ಳಿ. ಅದು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಸಾಗುತ್ತದೆ. ಅದರ ಪಶ್ಚಿಮ ಬದಿಯ ಕಟ್ಟಡಗಳ ಮುಂಭಾಗ ಪೂರ್ವಕ್ಕೆ ತೆರೆದಿದೆ. ಸಂಜೆ ಅವುಗಳ ಮುಂದೆ ನೆರಳು. ಎದುರು ಬದಿಯಲ್ಲಿ ಅದೇ ಹೊತ್ತಿಗೆ ಕಣ್ಣು ಬಿಡಲಾಗದು. ಚರ್ಚ್ ಸ್ಟ್ರೀಟ್ ಪೂರ್ವ-ಪಶ್ಚಿಮದ ರಸ್ತೆ. ಇಳಿಯುವ ಸೂರ್ಯ ರಸ್ತೆಯುದ್ದಕ್ಕೂ ನೇರ ಬೀಳುವುದರಿಂದ ಐದೂವರೆಗೆ ಯಾವ ಬದಿಯೂ ಪೂರಾ ತಪ್ಪಿಸಿಕೊಳ್ಳಲಾರದು. ಅಲ್ಲಿ ಕತ್ತಲಾದ ಮೇಲೆ ಕೂರುವುದೇ ಸರಿ.

ಇನ್ನೊಂದು ಸಂಗತಿ ನಮ್ಮ ಅಕ್ಷಾಂಶಕ್ಕೆ ಸೇರಿದ್ದು. ಉತ್ತರಕ್ಕೆ ಮುಖ ಮಾಡಿದ ಜಾಗ ಸದಾ ತಂಪು ಎಂದು ಓದಿದವರು ಅದನ್ನೇ ಇಲ್ಲಿಗೂ ಅನ್ವಯಿಸುತ್ತಾರೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವುದು ಇದನ್ನೇ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಹಾಗಾಗಿ ಮಾರ್ಚ್‌ನಲ್ಲಿ ತಂಪಾಗಿದ್ದ ಉತ್ತರದ ಜಗಲಿ ಮೇ ತಿಂಗಳಲ್ಲಿ ಬಿಸಿಲಿಗೆ ಸಿಗುತ್ತದೆ. ಮೇ ಸಂಜೆಯ ಸೂರ್ಯ ಮುಳುಗುವುದೂ ನೇರ ಪಶ್ಚಿಮದಲ್ಲಲ್ಲ, ಸ್ವಲ್ಪ ವಾಯವ್ಯಕ್ಕೆ ಸರಿದು. ಮಾರ್ಚ್‌ನಲ್ಲಿ ಚೆನ್ನಾಗಿದ್ದ ಟೇಬಲನ್ನೇ ಮೇ ತಿಂಗಳಲ್ಲೂ ಕೇಳುವಾಗ ಇದನ್ನು ನೆನಪಿಡಿ.

ಪಕ್ಕದ ಎತ್ತರದ ಕಟ್ಟಡಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪಶ್ಚಿಮಕ್ಕೆ ನಾಲ್ಕಂತಸ್ತಿನ ಕಟ್ಟಡವಿದ್ದರೆ ಬಯಲಂಗಳಕ್ಕೂ ಸಂಜೆ ಬೇಗ ನೆರಳು ಸಿಗುತ್ತದೆ. ಆದರೆ ಎದುರಿಗೆ ಪೂರಾ ಗಾಜಿನ ಆಫೀಸು ಕಟ್ಟಡವಿದ್ದರೆ ಅದು ಬಿಸಿಲನ್ನು ನಿಮ್ಮ ಟೇಬಲಿಗೇ ಎರಚುತ್ತದೆ. ಇದು ಎಚ್ಚರಿಕೆಯ ಗುರುತು, ಮತ್ತು ಫೋಟೊಗಳಲ್ಲಿ ಎಂದೂ ಕಾಣದ್ದು.

## ಹಂತ 3: ತಲೆಯ ಮೇಲೆ ಏನಿದೆ?

ಕೊಡೆ. ದೊಡ್ಡ ಬಣ್ಣದ ಕೊಡೆ ಸೂರ್ಯ ನೆತ್ತಿಯ ಮೇಲಿದ್ದಾಗ ಕೆಲಸ ಮಾಡುತ್ತದೆ, ಆ ಹೊತ್ತಿಗೆ ನೀವು ಹೊರಗೆ ಕೂರುವುದಿಲ್ಲ. ಸಂಜೆ ನಾಲ್ಕಕ್ಕೆ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 36 ಡಿಗ್ರಿ ಎತ್ತರದಲ್ಲಿ, ಐದಕ್ಕೆ ಸುಮಾರು 21 ಡಿಗ್ರಿಗೆ ಇಳಿದಿರುತ್ತಾನೆ. ಏಳಡಿ ಎತ್ತರದ ಕೊಡೆಯ ನೆರಳು ನಾಲ್ಕು ಗಂಟೆಗೇ ಆರೇಳು ಅಡಿ ಆಚೆ, ಪಕ್ಕದ ಟೇಬಲಿನ ಮೇಲೆ ಬಿದ್ದಿರುತ್ತದೆ. ಕೊಡೆ ನಂಬಿ ಸಂಜೆಯ ಟೇಬಲ್ ಬುಕ್ ಮಾಡುವುದು ಅತಿ ಸಾಮಾನ್ಯವಾದ ತಪ್ಪು. ಪಶ್ಚಿಮಕ್ಕೆ ಇಳಿಬಿಡುವ ಬಿದಿರಿನ ತಟ್ಟಿ ಇದ್ದರೆ ಕೊಡೆಗಿಂತ ಎಷ್ಟೋ ವಾಸಿ.

ಶೀಟು. ಜಿಂಕ್ ಅಥವಾ ಪಾಲಿಕಾರ್ಬೊನೇಟ್ ಶೀಟು ಮಳೆಗೆ ಒಳ್ಳೆಯದು, ಬಿಸಿಲಿಗೆ ಕೆಟ್ಟದ್ದು. ಶೀಟು ತಾನೇ ಕಾದು ಕೆಳಕ್ಕೆ ಕಾವು ಬಿಡುತ್ತದೆ. ಹತ್ತಡಿಗಿಂತ ಕೆಳಗಿನ ಶೀಟಿನಡಿ ಕೂರಬೇಡಿ. ಎತ್ತರದಲ್ಲಿದ್ದು ನಾಲ್ಕೂ ಕಡೆ ತೆರೆದಿದ್ದರೆ ಕತ್ತಲಾದ ಮೇಲೆ ಅಡ್ಡಿಯಿಲ್ಲ.

ಹಸಿರು ನೆಟ್ಟು. ಇದು ಬಿಸಿಲನ್ನು ಸೋಸುತ್ತದೆ, ಮಳೆಯನ್ನು ತಡೆಯುವುದಿಲ್ಲ. ನೆಟ್ಟಿನ ಮೇಲೆ ಒಣಗಿದ ಎಲೆ, ಹಕ್ಕಿ ಹಿಕ್ಕೆ ಕೂಡಿದ್ದರೆ ಗಾಳಿ ಬೀಸಿದಾಗ ಅದೆಲ್ಲ ತಟ್ಟೆಗೆ.

ಹೆಂಚು ಮತ್ತು ತೆಂಗಿನ ಗರಿಯ ಚಪ್ಪರ. ಎತ್ತರದ ಮಂಗಳೂರು ಹೆಂಚಿನ ಜಗಲಿ ಬಿಸಿಲು, ಮಳೆ ಎರಡಕ್ಕೂ ಆಗುತ್ತದೆ. ಹಳೆಯ ಮನೆಗಳನ್ನು ಹೋಟೆಲು ಮಾಡಿದ ಕಡೆ ಇಂಥ ಜಗಲಿ ಸಿಕ್ಕರೆ ಬಿಡಬೇಡಿ. ಗರಿಯ ಚಪ್ಪರ ಎಲ್ಲಕ್ಕಿಂತ ತಂಪು, ಆದರೆ ಅದರ ಹತ್ತಿರ ತಂದೂರಿ ಒಲೆಯೋ ಕೆಂಡದ ಗ್ರಿಲ್ಲೋ ಇದ್ದರೆ ಅಲ್ಲಿ ಕೂರಬೇಡಿ.

ಮರ. ಮರದ ನೆರಳಿಗೆ ಸಮನಾದದ್ದಿಲ್ಲ. ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲು ದಶಕಗಳ ಕಾಲ ಹೆಸರು ಮಾಡಿದ್ದು ದೋಸೆಯಷ್ಟೇ ತನ್ನ ಮರಗಳಡಿಯ ಟೇಬಲುಗಳಿಗಾಗಿ. ಆದರೆ ಯಾವ ಮರ ಎಂದು ಕೇಳಿಕೊಳ್ಳಬೇಕು. ಹೊಂಗೆ ಬೇಸಿಗೆಗೆ ಹೊಸ ಎಲೆ ತುಂಬಿಕೊಂಡು ದಟ್ಟ ನೆರಳು ಕೊಡುತ್ತದೆ. ನನ್ನ ಮೊದಲ ಆಯ್ಕೆ ಅದೇ. ಮಾವೂ ದಟ್ಟ, ಆದರೆ ಚಗಳಿ ಇರುವೆಗಳ ಗೂಡಿದೆಯೇ ಎಂದು ತಲೆ ಎತ್ತಿ ನೋಡಿ. ಜಕರಾಂಡ, ತಬೆಬುಯಾಗಳು ಹೂ ಬಿಡುವ ಹೊತ್ತಿಗೆ ಬಹುಪಾಲು ಎಲೆ ಉದುರಿಸಿರುತ್ತವೆ. ಫೋಟೊದಲ್ಲಿ ಅಂಗಳವೆಲ್ಲ ನೇರಳೆ, ಗುಲಾಬಿ. ಕೂತರೆ ನೆತ್ತಿಗೆ ಬಿಸಿಲು. ಆಲ, ಅರಳಿ, ಅತ್ತಿಗಳು ಹಣ್ಣು ಬಿಟ್ಟಾಗ ಹಗಲು ಹಕ್ಕಿ, ಇರುಳು ಬಾವಲಿ ಬರುತ್ತವೆ. ಟೇಬಲಿನ ಮೇಲೆ ಕಲೆಗಳು ಕಂಡರೆ ಜಾಗ ಬದಲಿಸಿ. ಗುಲ್‌ಮೊಹರ್ ಮತ್ತು ಮಳೆಮರದ ಕೊಂಬೆಗಳು ಬೇಸಿಗೆ ಮಳೆಯ ಗಾಳಿಗೆ ಮುರಿದುಬೀಳುವುದು ನಗರದಲ್ಲಿ ವರ್ಷ ವರ್ಷವೂ ನಡೆಯುತ್ತದೆ. ಶಾಂತ ಸಂಜೆಗೆ ಅವು ಚೆಂದ, ಗಾಳಿ ಎದ್ದರೆ ಅಲ್ಲಿಂದ ಏಳಬೇಕು. ತೆಂಗಿನ ಮರದಡಿಯಂತೂ ಎಂದೂ ಬೇಡ.

ಟೆರೇಸು. ಇಲ್ಲಿ ನೆರಳಿಗಿಂತ ಮೊದಲು ಕೇಳಬೇಕಾದ್ದು ಮೆಟ್ಟಿಲು. 2023ರ ಅಕ್ಟೋಬರ್ 18ರಂದು ಕೋರಮಂಗಲದಲ್ಲಿ ಕಟ್ಟಡವೊಂದರ ಮೇಲಂತಸ್ತಿನ ಹೋಟೆಲಿಗೆ ಬೆಂಕಿ ಬಿದ್ದು ಸಿಲಿಂಡರುಗಳು ಸಿಡಿದಾಗ ಒಬ್ಬರು ಮೇಲಿಂದ ಕೆಳಗೆ ಜಿಗಿಯಬೇಕಾಯಿತು. ಆ ದೃಶ್ಯ ನೋಡಿದವರು ಯಾರೂ ಮರೆತಿರಲಾರರು. ಇಳಿಯಲು ಎರಡು ದಾರಿ ಇರಬೇಕು, ಲಿಫ್ಟ್ ಅದರಲ್ಲಿ ಒಂದೆಂದು ಎಣಿಸುವಂತಿಲ್ಲ. ಒಂದೇ ಮೆಟ್ಟಿಲಿದ್ದು ಅಡುಗೆಮನೆ ಅದರ ಬಾಯಲ್ಲೇ ಇದ್ದರೆ, ಊಟ ಎಷ್ಟೇ ಚೆನ್ನಾಗಿರಲಿ, ಆ ಜಾಗ ಪಟ್ಟಿಯಿಂದ ಹೋಗಲಿ.

## ಹಂತ 4: ಗಾಳಿ ಮತ್ತು ದೂಳು

ರಸ್ತೆಗೆ ಅಂಟಿದ ಟೇಬಲುಗಳಿಗಿಂತ ಕಟ್ಟಡದ ಹಿಂದಿನ ಇಲ್ಲವೆ ಒಳಗಿನ ಅಂಗಳ ಯಾವಾಗಲೂ ಮೇಲು. ಸಿಗ್ನಲ್ ಬಳಿಯ ಹೋಟೆಲು ಬೇಡ: ನಿಂತ ಬಸ್ಸು, ಆಟೊಗಳ ಹೊಗೆ ನೇರ ಟೇಬಲಿಗೆ ಬರುತ್ತದೆ. ಮೆಟ್ರೊ ಇಲ್ಲವೆ ಫ್ಲೈಓವರ್ ಕಾಮಗಾರಿ ನಡೆಯುವ ರಸ್ತೆಯಲ್ಲಿ ಹೊರಗಿನ ಟೇಬಲನ್ನು ಯೋಚಿಸಲೇಬೇಡಿ.

ನೀರು ಸಿಂಪಡಿಸುವ ಫ್ಯಾನುಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಒಣ ಗಾಳಿಯಲ್ಲಿ ನೀರಿನ ಹನಿ ಆವಿಯಾಗುವಾಗ ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ತಂಪು. ಬೆಂಗಳೂರಿನ ಮಾರ್ಚ್-ಏಪ್ರಿಲ್‌ನ ಒಣ ಹಗಲಿನಲ್ಲಿ ಇದು ಕೆಲಸ ಮಾಡುತ್ತದೆ, ಕಲಬುರಗಿಯಲ್ಲಿ ಇನ್ನೂ ಚೆನ್ನಾಗಿ. ಮಂಗಳೂರು, ಉಡುಪಿಯಲ್ಲಿ ಗಾಳಿಯೇ ತೇವ, ಅಲ್ಲಿ ಬಟ್ಟೆ ಒದ್ದೆಯಾಗುವುದಷ್ಟೇ ಲಾಭ. ಮಳೆ ಬಂದು ಹೋದ ಬೆಂಗಳೂರಿನ ಸಂಜೆಯಲ್ಲೂ ಅಷ್ಟೇ. ಸಿಂಪಡಿಸುವ ನೀರು ಹಳಸಲು ವಾಸನೆ ಹೊಡೆದರೆ ಟ್ಯಾಂಕ್ ತೊಳೆದು ಬಹಳ ದಿನವಾಗಿದೆ ಎಂದರ್ಥ. ಆ ಹನಿಯನ್ನು ನೀವು ಉಸಿರಾಡುತ್ತೀರಿ, ಎದ್ದುಬಿಡಿ.

## ಹಂತ 5: ಫೋನ್ ಮಾಡಿ, ಸರಿಯಾದ ಪ್ರಶ್ನೆ ಕೇಳಿ

ಆ್ಯಪಿನಲ್ಲಿ ‘ಹೊರಾಂಗಣ’ ಎಂದು ಗುರುತಿಸಿ ಬುಕ್ ಮಾಡಿದರೆ ಸಾಲದು. ಹೋಟೆಲಿಗೇ ಫೋನ್ ಮಾಡಿ. ಊಟದ ನೂಕುನುಗ್ಗಲಿಲ್ಲದ ಹೊತ್ತು, ಬೆಳಗ್ಗೆ ಹನ್ನೊಂದು ಅಥವಾ ಸಂಜೆ ನಾಲ್ಕು, ಆದರೆ ಮ್ಯಾನೇಜರ್ ನಿಂತು ಮಾತಾಡುತ್ತಾರೆ. ಮಾತು ಹೀಗಿರಲಿ:

“ನಮಸ್ಕಾರ ಸರ್, ಶನಿವಾರ ಸಂಜೆ ಆರು ಜನ ಬರ್ತಿದೀವಿ, ಹೊರಗಡೆ ಕೂರೋಣ ಅಂತ. ಐದೂವರೆಗೆ ಯಾವ ಟೇಬಲಿಗೆ ಬಿಸಿಲು ಬರಲ್ಲ?”

“ಮಳೆ ಬಂದ್ರೆ ಒಳಗಡೆ ಆರು ಜನಕ್ಕೆ ಜಾಗ ಹಿಡಿದಿರ್ತೀರಾ, ಇಲ್ಲ ಕಾಯ್ಬೇಕಾ?”

“ಹೊರಗಡೆ ಸಿಗರೇಟ್ ಸೇದೋರು ಕೂರ್ತಾರಾ ಸರ್? ನಮ್ಮ ಜೊತೆ ಅಮ್ಮ ಬರ್ತಿದಾರೆ.”

ಮೊದಲ ಪ್ರಶ್ನೆಯಲ್ಲಿ ‘ನೆರಳಿದೆಯಾ’ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ‘ಇದೆ’ ಎಂದೇ ಹೇಳುತ್ತಾರೆ. ಯಾವ ಟೇಬಲ್ ಎಂದು ಕೇಳಿದರೆ ಗೊತ್ತಿರುವವರು ಕೂಡಲೇ ಹೇಳುತ್ತಾರೆ, ಗೊತ್ತಿಲ್ಲದವರು ತಡವರಿಸುತ್ತಾರೆ. ತಡವರಿಸಿದರೆ ಅದೇ ಉತ್ತರ. ಮಳೆಯ ಪ್ರಶ್ನೆಗೆ ‘ನೋಡೋಣ ಸರ್’ ಎಂದು ಬಂದರೆ ಏಪ್ರಿಲ್ ನಡುವಿನ ನಂತರ ಆ ಹೋಟೆಲು ಬೇಡ. ಸಿಗರೇಟಿನ ಪ್ರಶ್ನೆ ಯಾಕೆಂದರೆ, ಎಷ್ಟೋ ಕಡೆ ಹೊರಗಿನ ಭಾಗವೇ ಸೇದುವವರ ಭಾಗವಾಗಿಬಿಟ್ಟಿರುತ್ತದೆ, ಮೆನುವಿನಲ್ಲಿ ಅದು ಬರೆದಿರುವುದಿಲ್ಲ. ಹಾಡು ಜೋರಿರುವ ಜಾಗವೇ ಎಂದೂ ಕೇಳಬಹುದು. ಬಯಲಿನ ಧ್ವನಿವರ್ಧಕಕ್ಕೆ ರಾತ್ರಿ 10ರ ನಂತರ ಅನುಮತಿಯಿಲ್ಲ, ಅಲ್ಲಿಯವರೆಗೆ ಮಾತು ಕೇಳಿಸದಷ್ಟು ಇರುವ ಜಾಗಗಳುಂಟು.

ಫೋಟೊ ನೋಡುವುದಾದರೆ ಹೊಸತು ಮೊದಲು ಬರುವಂತೆ ಜೋಡಿಸಿ, ಹಿಂದಿನ ಮಾರ್ಚ್‌ನಿಂದ ಮೇವರೆಗಿನವನ್ನೇ ನೋಡಿ. ಡಿಸೆಂಬರ್‌ನ ಫೋಟೊ ನಂಬಿ ಏಪ್ರಿಲ್‌ನಲ್ಲಿ ಹೋಗುವವರೇ ಹೆಚ್ಚು.

## ಹಂತ 6: ಹೋದ ಮೇಲೆ, ಕೂರುವ ಮೊದಲು

ಸಪ್ಲೈಯರ್ ನೀರು ತಂದಿಟ್ಟ ಮೇಲೆ ಎದ್ದು ಜಾಗ ಬದಲಿಸಲು ಸಂಕೋಚವಾಗುತ್ತದೆ. ಅದಕ್ಕೇ ಕೂರುವ ಮೊದಲೇ ಒಂದು ಸುತ್ತು ಹಾಕಿ.

ಕುರ್ಚಿಯ ಮೇಲೆ, ಟೇಬಲಿನ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿ. ಕಡಪ ಕಲ್ಲು, ಗ್ರಾನೈಟು, ಕಬ್ಬಿಣ ಮುಟ್ಟಲಾಗದಷ್ಟು ಬಿಸಿ ಇದ್ದರೆ ಇನ್ನೊಂದು ಗಂಟೆ ಅಲ್ಲಿ ಕೂರುವಂತಿಲ್ಲ. ಹೂಕುಂಡಗಳ ಕೆಳತಟ್ಟೆ, ಅಲಂಕಾರದ ಉರುಳಿ, ಕೊಳ, ಕಾರಂಜಿಗಳಲ್ಲಿ ನಿಂತ ನೀರಿದೆಯೇ ನೋಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನದು: ಬೆಳಗಿನ ಹೊತ್ತು ಮತ್ತು ಮುಸ್ಸಂಜೆಗೆ ಮುಂಚೆ ಹೆಚ್ಚು ಕಚ್ಚುತ್ತದೆ. ನಾವು ಹೊರಗೆ ಕೂರಲು ಆರಿಸಿಕೊಂಡ ಹೊತ್ತೂ ಅದೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆಯೆಂದು ಘೋಷಿಸಬೇಕಾಯಿತು. ನಿಂತ ನೀರಿನಲ್ಲಿ ಹುಳು ಮಿಸುಕುವುದು ಕಂಡರೆ ಮ್ಯಾನೇಜರಿಗೆ ಹೇಳಿ, ಬೇರೆಡೆ ಹೋಗಿ. ಮುಲಾಮನ್ನು ಮಣಿಕಟ್ಟು, ಪಾದಗಳಿಗೆ ಮೊದಲೇ ಹಚ್ಚಿಕೊಂಡಿರಿ.

ಹಿರಿಯರಿದ್ದರೆ ನೆಲ ನೋಡಿ. ಅಂದಕ್ಕೆ ಹಾಸಿದ ಬಿಳಿ ಜಲ್ಲಿಯ ಮೇಲೆ ಕೋಲು ಊರಲಾಗದು, ಗಾಲಿಕುರ್ಚಿ ಹೋಗದು. ಶೌಚಾಲಯ ಎಷ್ಟು ದೂರ, ಎಷ್ಟು ಮೆಟ್ಟಿಲು ಎಂದೂ ನೋಡಿಬಿಡಿ.

## ಹಂತ 7: ಆರ್ಡರ್ ಮಾಡುವಾಗ

ಬೇಸಿಗೆಯಲ್ಲಿ ಬಿಸಿಬಿಸಿಯಾಗಿ ಬರುವ ತಿನಿಸೇ ಕ್ಷೇಮ. 5ರಿಂದ 60 ಡಿಗ್ರಿವರೆಗಿನ ಉಷ್ಣಾಂಶದಲ್ಲಿ ಆಹಾರದೊಳಗಿನ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ, ಏಪ್ರಿಲ್‌ನ ಟೇಬಲ್ ಆ ಮಿತಿಯ ನಡುವೆಯೇ ಇದೆ. ಕಾವು ಹೆಚ್ಚಿರುವ ದಿನ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟದ್ದನ್ನು ತಿನ್ನಬೇಡಿ. ಬಫೆಯಾದರೆ ಪಾತ್ರೆಯಡಿ ಉರಿ ಇದೆಯೇ, ಪಲ್ಯದಿಂದ ಹಬೆ ಏಳುತ್ತಿದೆಯೇ ನೋಡಿ ಬಡಿಸಿಕೊಳ್ಳಿ.

ಹೆಚ್ಚು ಎಚ್ಚರ ಬೇಕಾದ್ದು ತೆಂಗಿನಕಾಯಿ ಚಟ್ನಿಗೆ. ಬೇಸಿಗೆಯಲ್ಲಿ ಅದು ಮೊದಲು ಹಳಸುತ್ತದೆ. ಹುಳಿ ವಾಸನೆ, ಮೇಲೆ ಸಣ್ಣ ನೊರೆ, ನಾಲಿಗೆಗೆ ಲೋಳೆ: ಮೂರರಲ್ಲಿ ಒಂದು ಕಂಡರೂ ಬದಿಗಿಟ್ಟು ಹೊಸದು ಕೇಳಿ. ಹೊಸದಾಗಿ ರುಬ್ಬಿದ್ದು ಇಲ್ಲವೆಂದರೆ ಸಾಂಬಾರಿನಲ್ಲೇ ಮುಗಿಸಿ. ಮೊಸರನ್ನ, ಮೇಯನೀಸ್ ಹಾಕಿದ ಸ್ಯಾಂಡ್‌ವಿಚ್, ಮೊದಲೇ ಹೆಚ್ಚಿಟ್ಟ ಹಣ್ಣು, ಕೆನೆಯ ಸಿಹಿಗಳಿಗೂ ಇದೇ ಎಚ್ಚರ. ಸಜ್ಜನರಾವ್ ವೃತ್ತದ ಬಳಿಯ ವಿ.ವಿ. ಪುರಂ ತಿಂಡಿ ಬೀದಿಯಂಥ ಕಡೆ, ಕಣ್ಣೆದುರು ಕಾವಲಿಯಿಂದ ಇಳಿದ ದೋಸೆ, ಎಣ್ಣೆಯಿಂದ ತೆಗೆದ ಬಜ್ಜಿಗೆ ಮೊದಲು ಕೈ ಹಾಕಿ. ಜನ ಹೆಚ್ಚು ಮುತ್ತಿದ ಅಂಗಡಿಯಲ್ಲಿ ಮಾಲು ನಿಲ್ಲುವುದಿಲ್ಲ, ಅದೇ ಅದರ ಲಾಭ.

ಕುಡಿಯುವುದಕ್ಕೆ ನೀರು ಮಜ್ಜಿಗೆ, ನಿಂಬೆ ಪಾನಕ, ಎಳನೀರು. ಐಸ್ ಬೇಡವೆಂದು ಹೇಳುವುದೇ ಸುಲಭ. ಬೇಕೆಂದರೆ ಅದನ್ನು ಎಲ್ಲಿಂದ ತರುತ್ತಾರೆ ಎಂದು ಕೇಳಿ. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಸೇರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಸೂಚಿಸಿದೆ. ನೀಲಿ ಛಾಯೆ ಕಂಡರೆ ಮುಟ್ಟಬೇಡಿ. ಬಿಯರ್ ಕುಡಿಯುವವರು ಪ್ರತಿ ಲೋಟದ ಜೊತೆ ಒಂದು ಲೋಟ ನೀರು ಕುಡಿಯಿರಿ: ಅದು ಬಾಯಾರಿಕೆ ತಣಿಸಿದಂತೆ ಅನಿಸಿದರೂ ಮೈಯ ನೀರನ್ನು ಹೊರಹಾಕುತ್ತದೆ.

ಜೊತೆಯಲ್ಲಿರುವವರ ಮುಖ ನೋಡುತ್ತಿರಿ. ತಲೆನೋವು, ವಾಕರಿಕೆ, ತಲೆಸುತ್ತು ಶುರುವಾದರೆ ಕೂಡಲೇ ಒಳಗೆ ಕರೆದೊಯ್ದು ನೀರು ಇಲ್ಲವೆ ಓಆರ್‌ಎಸ್ ಕುಡಿಸಿ, ಒದ್ದೆ ಟವೆಲನ್ನು ಕತ್ತು, ಕಂಕುಳಿಗೆ ಒತ್ತಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಬೇಗ ಬಳಲುತ್ತಾರೆ. ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಗೊಂದಲವಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

## ಹಂತ 8: ಮಳೆ ಬರುವ ಮುನ್ನ ಏಳುವುದು

ಬೇಸಿಗೆಯೆಂದರೆ ಬಿಸಿಲಷ್ಟೇ ಎಂದುಕೊಂಡು ಬರುವವರು ಹೆಚ್ಚು ಪೆಟ್ಟು ತಿನ್ನುವುದು ಮಳೆಯಿಂದ. ಏಪ್ರಿಲ್ ನಡುವೆ ಅಶ್ವಿನಿ ಮಳೆ, ಅದರ ಹಿಂದೆ ಭರಣಿ, ಮೇ ನಡುವಿನಿಂದ ಕೃತ್ತಿಕೆ. ಹಗಲೆಲ್ಲ ನೆಲ ಕಾದು ಮೋಡ ಎದ್ದು, ಸುರಿಯುವುದು ಹೆಚ್ಚಾಗಿ ಮಧ್ಯಾಹ್ನದ ಕೊನೆಯಿಂದ ರಾತ್ರಿ ಒಂಬತ್ತರೊಳಗೆ. ನಿಮ್ಮ ಸಂಜೆಯ ಟೇಬಲಿನ ಹೊತ್ತು ಅದರೊಳಗೇ ಬರುತ್ತದೆ.

ಹೊರಡುವ ಮುನ್ನ ಆ್ಯಪ್ ನೋಡಿ. ಕೂತ ಮೇಲೆ ಆಕಾಶ ನೋಡಿ. ಮಧ್ಯಾಹ್ನದಿಂದಲೇ ಅಸಾಧ್ಯ ಸೆಕೆ, ಎಲೆಯೂ ಅಲ್ಲಾಡದ ಗಾಳಿ. ದಿಗಂತದಲ್ಲಿ ಹೂಕೋಸಿನ ಆಕಾರದಲ್ಲಿ ಬೆಳೆದು ಅಡಿಯಲ್ಲಿ ಕಪ್ಪಾದ ಮೋಡ. ಇದ್ದಕ್ಕಿದ್ದಂತೆ ಮುಖಕ್ಕೆ ತಣ್ಣನೆಯ ಗಾಳಿಯ ರಭಸ, ಅದರ ಜೊತೆ ದೂಳು, ಒದ್ದೆ ಮಣ್ಣಿನ ವಾಸನೆ. ಈ ತಣ್ಣನೆ ಗಾಳಿ ಬಂತೆಂದರೆ ಮಳೆ ಹತ್ತಿರದಲ್ಲೇ ಎಲ್ಲೋ ಸುರಿಯುತ್ತಿದೆ. ಹಾಯೆನಿಸುವ ಗಳಿಗೆ ಅದೇ ಆದ್ದರಿಂದ ಜನ ಇನ್ನೂ ಐದು ನಿಮಿಷ ಕೂರುತ್ತಾರೆ. ಕೂರಬೇಡಿ. ಮೊದಲು ಹಾರುವುದು ಟೇಬಲಿನ ಕೊಡೆಗಳು, ಆಮೇಲೆ ಮುರಿಯುವುದು ಕೊಂಬೆಗಳು.

ಗುಡುಗು ಕಿವಿಗೆ ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ. ಟೆರೇಸು, ಮರದಡಿ, ಕಬ್ಬಿಣದ ಕಂಬಗಳ ಚಪ್ಪರ ಮೂರನ್ನೂ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಹೊರಗೆ ಬರಬೇಡಿ. ತಟ್ಟೆ, ಬಿಲ್ಲು, ಉಳಿದ ಬಿರಿಯಾನಿ ಯಾವುದಕ್ಕೂ ನಿಲ್ಲುವುದು ಬೇಡ. ಸಪ್ಲೈಯರುಗಳನ್ನೂ ಒಳಗೆ ಕರೆಯಿರಿ. ಕುರ್ಚಿ, ಕುಶನ್ ಎತ್ತಿಡಲು ಅವರೇ ಕೊನೆಯವರೆಗೆ ಹೊರಗಿರುತ್ತಾರೆ.

ವಾಹನವನ್ನು ಮೊದಲೇ ಯೋಚಿಸಿ ನಿಲ್ಲಿಸಿರಬೇಕು. ನೆಲಮಾಳಿಗೆಯ ಪಾರ್ಕಿಂಗಿಗೆ ನೀರು ನುಗ್ಗುತ್ತದೆ, ಹಳೆಯ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಕೊಂಬೆ ಬೀಳುತ್ತದೆ. ಮನೆಗೆ ಮರಳುವ ದಾರಿಯಲ್ಲಿ ಅಂಡರ್‌ಪಾಸ್ ಇದೆಯೇ ಎಂದು ಹೋಗುವಾಗಲೇ ನೋಡಿಕೊಂಡು, ಅದಿಲ್ಲದ ಇನ್ನೊಂದು ದಾರಿ ಗುರುತಿಸಿಡಿ. 2023ರ ಮೇ 21ರ ಮಧ್ಯಾಹ್ನದ ಮಳೆಗೆ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ನೀರಿನ ಆಳ ಮೇಲಿಂದ ತಿಳಿಯುವುದಿಲ್ಲ. ಮಳೆ ನಿಂತ ಮೇಲೂ ಹೋಟೆಲಿನೊಳಗೆ ಇನ್ನೊಂದು ಕಾಫಿ ಹೇಳಿ ಅರ್ಧ ಗಂಟೆ ಕೂತು, ಮ್ಯಾಪಿನಲ್ಲಿ ರಸ್ತೆಗಳ ಕೆಂಪು ಇಳಿದ ಮೇಲೆ ಹೊರಡಿ.